ಮನೆ ಮಾರುವ ಮುನ್ನ ಅಂಗಳದ ಕೆಲಸ: ನನ್ನ ಅನುಭವ

ಕಾಸರಗೋಡಿನ ಕಡೆ ಮನೆ ನೋಡಲು ಬಂದವರು ಸಿಟೌಟಿಗೆ (ಜಗಲಿಗೆ) ಹತ್ತುವ ಮೊದಲೇ ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುತ್ತಾರೆ. ಆಮೇಲೆ ಮನೆಯ ಹಿಂದಿನ ಬರೆ, ಅಂದರೆ ಗುಡ್ಡೆ ಕಡಿದಾಗ ಉಳಿದ ಕಡಿದಾದ ಬದಿ, ಮತ್ತೆ ಮಳೆನೀರು ಹೋಗುವ ಕಣಿ. ಹೂಗಿಡ ಕಣ್ಣಿಗೆ ಬೀಳುವುದು ಕಟ್ಟಕಡೆಗೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಅಂಗಳಗಳಿಗೆ ನಾನು ಹಣ ಹಾಕಿಸುವ ಕ್ರಮವೂ ಇದೇ: ಮೊದಲು ನೀರು, ಆಮೇಲೆ ಕಲ್ಲು, ಉಳಿದರೆ ಗಿಡ.

ಕೆಲಸ ಶುರುಮಾಡಲು ಹಿಂಗಾರು ನಿಂತ ಮೇಲಿನ ದಿನಗಳೇ ಒಳ್ಳೆಯದು. ಆದರೆ ಏನು ಮಾಡಬೇಕೆಂದು ತಿಳಿಯುವುದು ಜುಲೈಯಲ್ಲಿ. ಜೋರು ಮಳೆ ಹೊಯ್ಯುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬರಬೇಕು. ನೀರು ನಿಲ್ಲುವಲ್ಲೆಲ್ಲ ಗೂಟ ಹೊಡೆದಿಟ್ಟರೆ ಬೇಸಗೆಯಲ್ಲಿ ಊಹಿಸುತ್ತ ಕೂರಬೇಕಾಗಿಲ್ಲ.

ಗೋಡೆಯಿಂದ ಹೊರಕ್ಕೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಬೇಕು, ಕನಿಷ್ಠ 3 ಮೀಟರ್ ದೂರದವರೆಗೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದು ನೋಡಬೇಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಅಳತೆ ತಪ್ಪುತ್ತದೆ, ಹಾಗಾಗಿ ಮೊದಲು ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೀರಿನ ಮಟ್ಟ ಒಂದೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹೊಂಡಗಳಿಗೆ ಚರಳು ಮಣ್ಣನ್ನು ಒಮ್ಮೆಲೇ ಸುರಿಯಬಾರದು. 7-8 ಸೆಂಟಿಮೀಟರ್ ಹಾಕಿ, ನೀರು ಚಿಮುಕಿಸಿ, ದಮ್ಮಾಸು ಹೊಡೆದು ಗಟ್ಟಿ ಮಾಡಿ, ಮತ್ತೆ ಮೇಲಿನ ಪದರ. ಪಂಚಾಂಗದ (ಮನೆಯ ಅಡಿಪಾಯದ) ಕಲ್ಲು ನೆಲದಿಂದ 15 ಸೆಂಟಿಮೀಟರಾದರೂ ಮೇಲೆ ಕಾಣುತ್ತಿರಲಿ. ವರ್ಷವರ್ಷವೂ ಮಣ್ಣು ಏರಿ ಗೋಡೆಗೆ ತಾಗಿದರೆ ಒಳಗೆ ಶೀತ, ಗೆದ್ದಲು ಎರಡೂ ಬರುತ್ತವೆ. ಒಳಗೋಡೆಗೆ ಎಷ್ಟು ಬಣ್ಣ ಹೊಡೆದರೂ ಆ ಕಲೆ ಮುಚ್ಚುವುದಿಲ್ಲ.

100 ಚದರ ಮೀಟರಿನ ಮಾಡಿನ (ಛಾವಣಿಯ) ಮೇಲೆ 10 ಮಿಲಿಮೀಟರ್ ಮಳೆ ಬಂದರೆ 1000 ಲೀಟರ್ ನೀರು ಇಳಿಯುತ್ತದೆ. ಅಷ್ಟಕ್ಕೆ ಸಣ್ಣ ಪೈಪು ಸಾಕೆಂದು ಲೆಕ್ಕ ಹೇಳೀತು, ಹಲಸಿನ ಎಲೆ ಬಿಡಬೇಕಲ್ಲ! ಕಣಿಯೊಳಗೆ ಹಾರೆ ಆಡುವಷ್ಟು ಜಾಗ ಬೇಕು, ಅಂದರೆ 30 ಸೆಂಟಿಮೀಟರ್ ಅಗಲ, ಅಷ್ಟೇ ಆಳ, ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು. ಕಣಿಯ ಕೊನೆ ತೋಡಿಗೋ ಇಂಗುಗುಂಡಿಗೋ ಹೋಗಲಿ. ಪಕ್ಕದವರ ಜಾಗಕ್ಕೆ ಬಿಟ್ಟಿದ್ದರೆ ವ್ಯವಹಾರದ ನಡುವೆ ಆ ತಕರಾರು ಎದ್ದೇ ಏಳುತ್ತದೆ. ಇಂಗುಗುಂಡಿಯನ್ನು ಬರೆಯ ತಲೆಯ ಮೇಲೆ ತೋಡಲೇಬಾರದು. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಮೆತ್ತಗಿನ ಶೇಡಿ ಮಣ್ಣು. ಇಂಗಿದ ನೀರು ಶೇಡಿಗೆ ಇಳಿದರೆ ಅಡಿ ಜಾರಿ ಮೇಲಿನ ಕಲ್ಲೂ ಕೂಡಿ ಬೀಳುತ್ತದೆ. ಬರೆ ಎಷ್ಟು ಎತ್ತರವೋ ಅಷ್ಟಾದರೂ ಹಿಂದಕ್ಕೆ ಬಿಟ್ಟೇ ನಾನು ಗುಂಡಿ ತೆಗೆಸುವುದು.

ಬಾವಿಯಲ್ಲಿ ಎಲೆ, ಕಸ ತೆಗೆಸಿ, ಕಟ್ಟೆಯ ಬಿರುಕು ಮುಚ್ಚಿ, ಬಲೆ ಹಾಸಿದ ಮೇಲೆ ಬ್ಲೀಚಿಂಗ್ ಪೌಡರ್. ಮಾಮೂಲಿಗೆ 1000 ಲೀಟರಿಗೆ 2.5 ಗ್ರಾಂ ಸಾಕು. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್, ಪೌಡರ್ 24 ಗ್ರಾಂ. ಪುಡಿಯನ್ನು ನೇರ ಎರಚಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತೆ ನೀರು ತುಂಬಿ, 10 ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಕೊಡಪಾನದಲ್ಲಿ ಇಳಿಸಿ ಕದಡಬೇಕು. ಒಂದು ಗಂಟೆ ಕಳೆದು ನೀರು ಸೇದಬಹುದು. ಶೌಚಗುಂಡಿ ಬಾವಿಯಿಂದ 7.5 ಮೀಟರ್ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮವಿದೆ. ಕೊಳ್ಳುವವರು ಟೇಪು ಹಿಡಿದೇ ಬರುತ್ತಾರೆ, ನೀವೂ ಮೊದಲೇ ಅಳೆದಿಟ್ಟುಕೊಳ್ಳಿ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರಿದ್ದರೆ ಅದರ ಬಾಯಿಯ ಹೂಳು ತೆಗೆಸಿ, ಟಾಂಕಿ ತೊಳೆಸಿ. ಸುರಂಗ ಬೇರೆಯವರ ಗುಡ್ಡೆಯೊಳಗೆ ಹೋಗಿದ್ದರೆ ಆ ಮಾತನ್ನು ಮುಂಗಡ ಕೈಗೆ ಬರುವ ಮೊದಲೇ ಹೇಳಿಬಿಡಬೇಕು.

ಮುರಕಲ್ಲಿನ ಪಾಗಾರ (ಆವರಣ ಗೋಡೆ), ಮೆಟ್ಟಿಲು ಹಾವಸೆ ಹಿಡಿದು ಕಪ್ಪಾಗಿದ್ದರೆ ಬದಲಿಸಬೇಕಾಗಿಲ್ಲ, ಉಜ್ಜಿದರಾಯಿತು. 10 ಲೀಟರ್ ನೀರಿಗೆ ಕಾಲು ಕಿಲೋ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನಷ್ಟೇ ಬಳಿದು, 20 ನಿಮಿಷ ಬಿಟ್ಟು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಬೇಕು. ಬಾವಿಯ ಹತ್ತಿರ ಇದು ಬೇಡ, ಗಿಡದ ಬುಡಕ್ಕೂ ಹರಿಯದಿರಲಿ. ಆಸಿಡಿನ ಜೊತೆಗಂತೂ ಸೇರಲೇಬಾರದು, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ತಂತಿ ಬ್ರಷ್ ಬಳಸಿದರೆ ಕಲ್ಲಿನ ತೂತುಗಳಲ್ಲಿ ಉಳಿದ ಚೂರುಗಳು ತುಕ್ಕು ಹಿಡಿಯುತ್ತವೆ. ನೀರು ಚಿಮ್ಮಿಸುವ ಮಿಷನನ್ನು ತೀರಾ ಹತ್ತಿರ ಹಿಡಿದರೆ ಕಲ್ಲಿನ ಮೆತ್ತಗಿನ ಭಾಗ ಕಿತ್ತು ಬಂದು ಕಲ್ಲು ಜೇನುಗೂಡಿನಂತಾಗುತ್ತದೆ. ಸಂದುಗಳಿಗೆ ಸಿಮೆಂಟ್, ಸುಣ್ಣ, ಮರಳು 1:1:6; ಮರಳಿನಲ್ಲಿ ಅರ್ಧದಷ್ಟು ಮುರಕಲ್ಲಿನ ಪುಡಿ ಬೆರೆಸಿದರೆ ಬಣ್ಣ ಹೊಂದುತ್ತದೆ. ಹೊಳೆಯುವ ವಾರ್ನಿಷ್ ಬೇಡವೇ ಬೇಡ. ಒಳಗಿನ ಪಸೆ ಹೊರಬರಲಾರದೆ ಮೊದಲ ಮಳೆಗಾಲಕ್ಕೇ ಬೆಳ್ಳಗೆ ಸುಲಿಯುತ್ತದೆ.

ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದರೆ ಬೆಲೆ ಏರುತ್ತದೆಂದು ಎಲ್ಲರೂ ಹೇಳುತ್ತಾರೆ. ಮಾರುವುದಕ್ಕೋಸ್ಕರ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಅಡಿಕೆ ಒಣಗಿಸುವ ಅಂಗಳವನ್ನು ಹೆರೆದು ಸೆಗಣಿ ಸಾರಿಸಿದರೆ ಅದೇ ಚಂದ. ಕಾರು ನಿಲ್ಲುವಲ್ಲಿ ಮಾತ್ರ 60 ಮಿಲಿಮೀಟರ್ ದಪ್ಪದ್ದು ಹಾಕಿ, ಅಂಚಿಗೆ ಕಾಂಕ್ರೀಟ್ ಕಟ್ಟಿ. ಅಂಚಿಲ್ಲದಿದ್ದರೆ ಚಕ್ರದ ಭಾರಕ್ಕೆ ಕಲ್ಲುಗಳು ಬದಿಗೆ ಜರುಗಿ ಸಂದು ಬಿಡುತ್ತವೆ.

ಕಳೆಗೆ ಔಷಧಿ ಹೊಡೆಸಬೇಡಿ. ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ಕೇರಳ 2019ರಲ್ಲೇ ನಿಷೇಧಿಸಿದೆ. ಅದಿರಲಿ, ಎಂಡೋಸಲ್ಫಾನ್ ಕೀಟನಾಶಕದ ಕಷ್ಟ ಕಂಡ ಈ ಊರಿನಲ್ಲಿ ಸುಟ್ಟಂತೆ ಹಳದಿಯಾದ ಹುಲ್ಲು ಕಂಡರೆ ಬಂದವರು ಮೊದಲು ಕೇಳುವುದು ಏನು ಔಷಧಿ ಹೊಡೆಸಿದ್ದೀರಿ ಎಂದೇ. ಕಮ್ಯುನಿಸ್ಟ್ ಗಿಡವೆಂದು ಇಲ್ಲಿ ಕರೆಯುವ ಕಳೆಯನ್ನು ಹೂ ಬಿಡುವ ಮೊದಲು, ಮಣ್ಣು ಹಸಿ ಇರುವಾಗ ಬೇರು ಸಮೇತ ಕೀಳಬೇಕು. ಕತ್ತಿಯಲ್ಲಿ ಸವರಿದರೆ ಬುಡದಿಂದ ನಾಲ್ಕು ಚಿಗುರು. ಲಾನಿಗೆ ಏಪ್ರಿಲಿನಲ್ಲಿ ಎರೆಯುವಷ್ಟು ನೀರು ಯಾರಲ್ಲಿದೆ? ದಾರಿಯ ಬದಿಗೆ ಕೇಪಳದ ಹೂಗಿಡ ಸಾಕು, 45 ಸೆಂಟಿಮೀಟರಿಗೊಂದರಂತೆ, ಜೂನಿನಲ್ಲಿ ನೆಟ್ಟರೆ ಬೇರೂರುತ್ತದೆ. ಮಾಡಿನ ಮೇಲೆ ವಾಲಿದ ತೆಂಗಿನ ಒಣ ಮಡಲು, ಕಾಯಿ ಇಳಿಸಿ. ಗಂಧದ ಮರವಿದ್ದರೆ ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಿ ತಾಗಿಸಬೇಡಿ.

ಅಂಗಳ ದೊಡ್ಡದು ಕಾಣಲೆಂದು ಬದಿಯ ಗದ್ದೆಗೆ ಮಣ್ಣು ತುಂಬಿಸುವವರಿದ್ದಾರೆ. 2008ರ ಗದ್ದೆ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಸರ್ವೆ ಕಲ್ಲುಗಳ ಸುತ್ತ ಕಾಡು ಸವರಿ, ಸುಣ್ಣ ಬಳಿದು, ಆಧಾರದಲ್ಲಿರುವ (ಜಾಗದ ಕ್ರಯಪತ್ರದಲ್ಲಿರುವ) ಗಡಿಗೆ ತಾಳೆ ನೋಡಿ. ನಾಗಬನವಿದ್ದರೆ ಅದರೊಳಗೆ ಕತ್ತಿ ಆಡಿಸುವುದು ಬೇಡ, ಹೋಗುವ ದಾರಿಯನ್ನಷ್ಟೇ ಬಿಡಿಸಿ. ಪೂಜೆಯ ಹಕ್ಕು ಯಾರದು, ವರ್ಷಕ್ಕೊಮ್ಮೆ ಕುಟುಂಬದವರು ಯಾವ ದಾರಿಯಲ್ಲಿ ಬರುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ.