ಮನೆಯಲ್ಲೇ ಇದ್ದು ನೋಡಿಕೊಳ್ಳುವವರಿಗೆ ಎಷ್ಟು ಸಂಬಳ? ನಾನು ಲೆಕ್ಕ ಹಾಕಿದ್ದು ಹೀಗೆ

ಅಮ್ಮನನ್ನು ನೋಡಿಕೊಳ್ಳಲು ನಮ್ಮ ಮನೆಯಲ್ಲೇ ಇದ್ದ ಹೆಂಗಸು ಮೂರು ದಿನಕ್ಕೆ ಅಂತ ಊರಿಗೆ ಹೋದವರು ಎಂಟು ದಿನ ಆದರೂ ಬರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ನಾನು ಬ್ಯಾಂಕಿಗೆ ರಜೆ ಹಾಕಿ ಅಮ್ಮನ ಜೊತೆ ಕೂತಿದ್ದೆ. ಒಂಬತ್ತನೇ ದಿನ ಎತ್ತಿದರು. "ಏನಿಲ್ಲ ಕಣಕ್ಕ, ನಿದ್ದೆ ಮಾಡ್ತಾ ಇದೀನಿ. ಅಲ್ಲಿ ನಿದ್ದೇನೇ ಸಾಲ್ತಿರಲಿಲ್ಲ" ಅಂದರು. ಸಂಬಳದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಮ್ಮನಿಗೆ 78 ವರ್ಷ. ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ ಹಗಲೂ ರಾತ್ರಿ ಪಕ್ಕದಲ್ಲಿ ಒಬ್ಬರು ಇರಲೇಬೇಕು ಅಂದರು ಡಾಕ್ಟರು. ತುಮಕೂರಿನಲ್ಲಿ ನಮ್ಮ ಮನೆ ಇರುವುದು ಸೋಮೇಶ್ವರಪುರಂನಲ್ಲಿ. ಪರಿಚಯದವರೊಬ್ಬರು ಪಾವಗಡ ತಾಲ್ಲೂಕಿನ ಹಳ್ಳಿಯಿಂದ ಇವರನ್ನು ಕರೆತಂದರು. ನಲವತ್ತೈದರ ಹೆಂಗಸು, ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ.

ಸಂಬಳ ಎಷ್ಟು ಕೊಡಬೇಕು ಅಂತ ನಾನು ಕೇಳಿದ್ದು ಅಕ್ಕಪಕ್ಕದವರನ್ನು. ಒಬ್ಬರು ಹನ್ನೆರಡು ಸಾವಿರ ಅಂದರು, ಇನ್ನೊಬ್ಬರು ಹದಿನಾಲ್ಕು. ಬೆಂಗಳೂರಿನ ಒಂದು ಏಜೆನ್ಸಿಯವರು 24,000 ಹೇಳಿ, ಮೇಲೆ ಒಂದು ತಿಂಗಳ ಸಂಬಳ ಕಮಿಷನ್ ಕೇಳಿದರು. ನಾನು ನಡುವೆ ಎಲ್ಲೋ ಹಿಡಿದು 13,000 ಅಂದೆ, ಊಟ ವಸತಿ ನಮ್ಮದೇ ಅಂದೆ. ಅವರು ಆಯ್ತು ಅಂದರು. ವಾರದ ರಜೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಅವರಿಲ್ಲದ ಆ ಎಂಟು ರಾತ್ರಿ ಅಮ್ಮನ ಮಂಚದ ಪಕ್ಕದ ಚಾಪೆ ಮೇಲೆ ಮಲಗಿದ್ದು ನಾನು. ಹತ್ತೂವರೆಗೆ ದೀಪ ಆರಿಸಿದರೆ ಒಂದು ಗಂಟೆಗೆ ಅಮ್ಮ ಕರೆಯುತ್ತಾರೆ. ಒಂದು ಕೈ ಅವರ ಕಂಕುಳಿಗೆ ಕೊಡಬೇಕು, ಇನ್ನೊಂದು ಕೈಲಿ ವಾಕರ್ ಹಿಡಿಯಬೇಕು. ಬಚ್ಚಲಿನ ನೆಲ ಒದ್ದೆ ಇದ್ದರೆ ಅಮ್ಮ ಕಾಲಿಡುವ ಮೊದಲೇ ಕಾಲಲ್ಲಿ ಹಳೇ ಟವೆಲು ಎಳೆದು ಒರೆಸಬೇಕು. ಮತ್ತೆ ಮಲಗಿಸಿ, ಕಾಲ ಕೆಳಗೆ ದಿಂಬು ಸರಿಮಾಡಿ, ನಾನು ಕಣ್ಣು ಮುಚ್ಚುವಷ್ಟರಲ್ಲಿ ಮೂರೂಮುಕ್ಕಾಲು. ಮತ್ತೆ ಅದೇ. ಐದೂವರೆಗೆ ಹಾಲಿನವನ ಬೆಲ್. ಮೂರನೇ ರಾತ್ರಿಗೆ ನನಗೆ ಅಳು ಬಂತು. ಇವರು ಇದನ್ನು ಆರು ವಾರ, ಒಂದು ರಾತ್ರಿಯೂ ಬಿಡುವಿಲ್ಲದೆ ಮಾಡಿದ್ದರು.

13,000ವನ್ನು ಮೂವತ್ತರಿಂದ ಭಾಗಿಸಿ ನೋಡಿದೆ. ದಿನಕ್ಕೆ 433 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿಯೇ ದಿನಕ್ಕೆ 370. ಅವರ ಊರಲ್ಲಿ ಕಡ್ಲೆಕಾಯಿ ಕೀಳಲು ಹೋದರೆ ನಾನೂರು ಕೊಡುತ್ತಾರಂತೆ, ಮಧ್ಯಾಹ್ನದ ಊಟ ಬೇರೆ. ಅಲ್ಲಿ ಸಂಜೆ ಮನೆಗೆ ಹೋಗಿ ತಮ್ಮ ಹಾಸಿಗೆಯಲ್ಲಿ ಮಲಗಬಹುದು. ಅಂದರೆ ನಾನು ಇಡೀ ರಾತ್ರಿಗೆ ಕೊಟ್ಟಿದ್ದು ಮೂವತ್ತಮೂರು ರೂಪಾಯಿ.

ಅವರು ವಾಪಸ್ ಬಂದ ಮೇಲೆ ಒಂದು ವಾರ ಕ್ಯಾಲೆಂಡರಿನ ಹಿಂದೆ ಇಬ್ಬರೂ ಸೇರಿ ಗಂಟೆ ಬರೆದೆವು. ಕೈಯಲ್ಲಿ ಕೆಲಸ ಇರುವ ಹೊತ್ತು ದಿನಕ್ಕೆ ಹತ್ತೂವರೆ ಗಂಟೆ ಬಂತು. ಮಿಕ್ಕ ಹೊತ್ತು ಸುಮ್ನೆ ಕೂತಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಮನೆ ಬಿಟ್ಟು ಅಂಗಡಿಗೂ ಹೋಗುವಂತಿಲ್ಲ, ಅದು ಬಿಡುವು ಹೇಗಾಗುತ್ತೆ?

ಹೆಚ್ಚಿನ ಗಂಟೆಗೆ ಎಷ್ಟು ಅನ್ನುವುದನ್ನು ಹೇಳಿಕೊಟ್ಟಿದ್ದು ಅಮ್ಮ. ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. "ನಿಮ್ಮಪ್ಪ ಓಟಿ ಮಾಡಿದರೆ ಡಬಲ್ ಬರ್ತಿತ್ತು. ನಿನ್ನ ಕಾಲೇಜು ಫೀಸು ಕಟ್ಟಿದ್ದು ಆ ದುಡ್ಡಲ್ಲೇ ಕಣೆ. ಇವಳಿಗ್ಯಾಕೆ ಇಲ್ಲ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಹಾಗಾಗಿ ಲೆಕ್ಕ ಹೀಗೆ ಹಾಕಿದೆ. ಎಂಟು ಗಂಟೆಗೆ 400, ಅಂದರೆ ಗಂಟೆಗೆ 50. ಮೇಲಿನ ಎರಡೂವರೆ ಗಂಟೆಗೆ ನೂರರಂತೆ 250. ರಾತ್ರಿಗೆ ಬೇರೆ 100. ಒಟ್ಟು ದಿನಕ್ಕೆ 750, ಇಪ್ಪತ್ತಾರು ದಿನಕ್ಕೆ 19,500. ಮನೆಕೆಲಸಕ್ಕೂ ಕನಿಷ್ಠ ಕೂಲಿ ಇರಬೇಕು ಅಂತ ಕರ್ನಾಟಕ ಸರ್ಕಾರ 2004ರಲ್ಲೇ ನಿಗದಿ ಮಾಡಿದೆ. ಈಗಿನ ದರ ಕಾರ್ಮಿಕ ಇಲಾಖೆಯಲ್ಲಿ ಸಿಗುತ್ತದೆ, ಯಾರೇ ಆಗಲಿ ಮೊದಲು ಅದನ್ನು ನೋಡಿಕೊಳ್ಳಬೇಕು. ಆದರೆ ಅದು ಇದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಹಾಕಿದ ಗೆರೆ ಅಷ್ಟೇ. ನಿಮ್ಮ ಮನೆಯ ರಾತ್ರಿ ಹೇಗಿರುತ್ತೆ ಅಂತ ನೀವೇ ಲೆಕ್ಕ ಹಾಕಬೇಕು.

ಊಟ ವಸತಿಗೆ ಐದು ಸಾವಿರ ಮುರಿದುಕೋ ಅಂದವರಿದ್ದಾರೆ. ಒಪ್ಪಲಿಲ್ಲ. ಅವರು ನಮ್ಮ ಮನೆಯಲ್ಲಿ ಮಲಗುವುದು ನಮಗೆ ಬೇಕಾಗಿ. ಚಾಪೆಗೆ ಬಾಡಿಗೆ ಹಿಡಿಯುವುದಾ? ಇನ್ನೊಬ್ಬರು, ಗೃಹಲಕ್ಷ್ಮಿ ಎರಡು ಸಾವಿರ ಬರುತ್ತಲ್ಲ, ಅಷ್ಟು ಕಡಿಮೆ ಕೊಡು ಅಂದರು. ಇದು ಕೇಳಿ ನಿಜವಾಗಲೂ ಸಿಟ್ಟು ಬಂತು. ಅದು ಸರ್ಕಾರ ಅವರಿಗೆ ಕೊಡುವ ದುಡ್ಡು. ನನ್ನ ಸಂಬಳದ ಲೆಕ್ಕಕ್ಕೂ ಅದಕ್ಕೂ ಏನು ಸಂಬಂಧ?

19,500 ನನಗೆ ಸುಲಭದ ಮೊತ್ತವಲ್ಲ. ಅದಕ್ಕೆ ಇನ್ನೊಂದು ದಾರಿಯನ್ನೂ ಅವರ ಮುಂದಿಟ್ಟೆ. ಪಾತ್ರೆ, ಬಟ್ಟೆಗೆ ಬೇರೆಯವರನ್ನು ಇಟ್ಟರೆ ಒಂದು ಗಂಟೆ ಕೆಲಸ ಕಮ್ಮಿಯಾಗುತ್ತೆ, ಸಂಬಳ ಹದಿನೇಳು ಸಾವಿರದ ಹತ್ತಿರ ಬರುತ್ತೆ. ಅವರು ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತರು. ಆಮೇಲೆ, "ಪಾತ್ರೆಗೆ ಬೇರೇರನ್ನ ಹಾಕ್ಕೊಳ್ಳಿ ಅಕ್ಕ. ಅವರು ಬಂದಾಗ ನಾನು ಆ ಕಡೆ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗ್ತೀನಿ" ಅಂದರು. ಈಗ ಇನ್ನೊಬ್ಬರು ಮಧ್ಯಾಹ್ನ ಎರಡಕ್ಕೆ ಬಂದು ನಾಲ್ಕರವರೆಗೆ ಇರುತ್ತಾರೆ, ಅವರಿಗೆ 2,500. ಇವರಿಗೆ 17,000. ನನ್ನ ಕೈಯಿಂದ ಹೋಗುವುದು ಅದೇ 19,500. ಆದರೆ ಅವರಿಗೆ ಎರಡು ಗಂಟೆ ನಿದ್ದೆ ಸಿಗುತ್ತಿದೆ.

ರಜೆಯನ್ನು ನಾನು ಪ್ರತಿ ಭಾನುವಾರ ಅಂದಿದ್ದೆ. ಅವರು ಬೇಡ ಅಂದರು. ಪಾವಗಡ ಇಲ್ಲಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಒಂದೇ ದಿನದಲ್ಲಿ ಹೋಗಿ ಬಂದರೆ ಬಸ್ಸಿನಲ್ಲೇ ರಜೆ ಮುಗಿಯುತ್ತೆ. ಎರಡು ದಿನ ಒಟ್ಟಿಗೆ ಬೇಕು ಅಂದರು. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ, ಭಾನುವಾರ ಇದ್ದೇ ಇದೆ. ಆ ನಾಲ್ಕು ದಿನ ಚಾಪೆ ನನ್ನದು. ಸರ್ಕಾರಿ ಬಸ್ಸು ಸಿಕ್ಕರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಲ್ಲ, ಖಾಸಗಿ ಬಸ್ಸಾದರೆ ಚಾರ್ಜು ನಾನು ಕೊಡುತ್ತೇನೆ.

ಸಂಬಳ ಒಂದನೇ ತಾರೀಖು ಅವರ ಖಾತೆಗೇ ಹೋಗುತ್ತದೆ. ಮಗಳ ಫೀಸಿಗೆ ಇಪ್ಪತ್ತು ಸಾವಿರ ಮುಂಗಡ ಕೊಟ್ಟೆ. ತಿಂಗಳಿಗೆ ಎರಡು ಸಾವಿರ ಹಿಡಿಯುತ್ತೇನೆ, ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅಂತ ಪುಸ್ತಕದಲ್ಲಿ ಇಬ್ಬರೂ ಬರೆದುಕೊಂಡಿದ್ದೇವೆ. ಬ್ಯಾಂಕಿನವಳಾಗಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಎರಡನ್ನೂ ನಾನೇ ಮಾಡಿಸಿದೆ.

ರಾತ್ರಿ ಎದ್ದ ಲೆಕ್ಕವನ್ನು ಅವರು ಈಗಲೂ ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಇಡುತ್ತಾರೆ. ಈ ತಿಂಗಳು ಗೆರೆಗಳು ಕಮ್ಮಿ. ಅಮ್ಮ ಒಂದೊಂದು ರಾತ್ರಿ ಎದ್ದೇ ಇಲ್ಲ. ಮೊನ್ನೆ ಅದನ್ನು ತೋರಿಸಿ, "ಹಂಗಾದ್ರೆ ರಾತ್ರಿ ದುಡ್ಡು ಕಮ್ಮಿ ಮಾಡ್ತೀರಾ ಅಕ್ಕ?" ಅಂತ ಕೇಳಿದರು. ಇಲ್ಲ ಅಂದೆ. ಅಮ್ಮ ಕರೆಯಲಿ ಬಿಡಲಿ, ಅವರು ಮಲಗುವುದು ಆ ಮಂಚದ ಪಕ್ಕದಲ್ಲೇ ತಾನೇ.