ಗಿಲಕಿ ಹಾವಿನ ಸೀಮೆಯಲ್ಲಿ ಸೂಟ್‌ಕೇಸ್ ಎಲ್ಲಿಡಬೇಕು, ಹೇಗೆ ಎತ್ತಬೇಕು

ಅರಿಜೋನಾ, ಟೆಕ್ಸಾಸ್ ಕಡೆ ಟೆಂಟ್ ಹಾಕುವವರು ತಪ್ಪದೆ ಕೇಳುವ ಪ್ರಶ್ನೆ: ರ್ಯಾಟಲ್‌ಸ್ನೇಕ್ (ಬಾಲದ ಗಿಲಕಿಯಿಂದ ಸದ್ದು ಮಾಡುವ ವಿಷದ ಹಾವು) ಸೂಟ್‌ಕೇಸಿನೊಳಗೆ ನುಗ್ಗುತ್ತದೆಯೇ? ಜಿಪ್ ಪೂರ್ತಿ ಎಳೆದಿದ್ದರೆ ಇಲ್ಲ. ಭಯಪಡಬೇಕಾದದ್ದು ಪೆಟ್ಟಿಗೆಯ ಅಡಿ ಮತ್ತು ಹಿಂಬದಿಗೆ. ಮರುಭೂಮಿಯ ಬಿಸಿಲಲ್ಲಿ ಅಷ್ಟು ನೆರಳು ಸಿಕ್ಕರೆ ಹಾವು ಅಲ್ಲೇ ಸುರುಳಿ ಸುತ್ತಿ ಕೂರುತ್ತದೆ.

ಕೆನಡಾದ ದಕ್ಷಿಣ ಭಾಗದಿಂದ ಅರ್ಜೆಂಟೀನಾದವರೆಗೆ, ಅಮೆರಿಕ ಖಂಡಗಳಲ್ಲಿ ಮಾತ್ರ ಗಿಲಕಿ ಹಾವುಗಳ ವಾಸ. ಇವುಗಳಲ್ಲಿ ಪಶ್ಚಿಮದ ಡೈಮಂಡ್‌ಬ್ಯಾಕ್ ಎಂಬ ಜಾತಿ ಬಂಡೆ, ಪೊದೆ, ಹಳೆ ಶೆಡ್ಡು ಎಲ್ಲಿಗೂ ಒಗ್ಗಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡದಾದ ಪೂರ್ವದ ಡೈಮಂಡ್‌ಬ್ಯಾಕ್ ಫ್ಲಾರಿಡಾ, ಜಾರ್ಜಿಯಾದ ಪೈನ್ ಕಾಡುಗಳಲ್ಲಿ ಆಮೆ ತೋಡಿದ ಬಿಲ ಸೇರುತ್ತದೆ. ಟಿಂಬರ್ ಎಂಬ ಜಾತಿ ಪೂರ್ವದ ಕಾಡುಗುಡ್ಡಗಳದ್ದು, ಪೂರ್ವದ ಮಸಸಾಗ ಎಂಬುದು ಜೌಗು ನೆಲದ್ದು. ಮೊಹಾವಿ ಮರುಭೂಮಿಯ ಪುಟ್ಟ ಸೈಡ್‌ವೈಂಡರ್ ಕಣ್ಣಷ್ಟೇ ಹೊರಗಿಟ್ಟು ಮರಳಲ್ಲಿ ಹುದುಗಿರುತ್ತದೆ. ಹಾಗಾಗಿ ಅಲ್ಲಿ ಬರಿಗಾಲಲ್ಲಿ ಓಡಾಡಲೇಬೇಡಿ.

ಗಿಲಕಿ ಸದ್ದು ಕೇಳಿದ ಮೇಲೆ ನೋಡೋಣ ಎಂದುಕೊಳ್ಳುವುದೇ ದೊಡ್ಡ ತಪ್ಪು. ಹುಟ್ಟಿದ ಮರಿಯ ಬಾಲದಲ್ಲಿ ಒಂದೇ ಗುಂಡಿ, ಅದು ಸದ್ದು ಮಾಡದು. ಪೊರೆ ಬಿಟ್ಟಾಗಲೆಲ್ಲ ಒಂದೊಂದು ಉಂಗುರ ಸೇರುತ್ತದೆ, ಮುರಿದೂ ಹೋಗುತ್ತದೆ. (ಉಂಗುರ ಎಣಿಸಿ ವಯಸ್ಸು ಹೇಳುವುದೂ ಸುಳ್ಳೇ.) ದೊಡ್ಡ ಹಾವುಗಳೂ ಎಷ್ಟೋ ಸಲ ಸುಮ್ಮನೆ ಮಲಗಿರುತ್ತವೆ.

ಸೂಟ್‌ಕೇಸನ್ನು ಕಾರಿನೊಳಗಿಡುವುದೇ ಸರಿ. ಆಗದಿದ್ದರೆ ಮೇಜಿನ ಮೇಲಿಡಿ. ಎರಡು ಹೋಳಾಗಿ ಬಿಚ್ಚಿಕೊಳ್ಳುವ ಗಟ್ಟಿ ಪೆಟ್ಟಿಗೆಗೆ ಮೇಜಿನ ಮೇಲೆ ಜಾಗ ಸಾಲದೆ ನೆಲದ ಮೇಲೇ ಹರಡಬೇಕಾಗುತ್ತದೆ. ಒಂದೇ ಮುಚ್ಚಳದ್ದು ವಾಸಿ. ಜಿಪ್‌ನ ಎರಡೂ ಎಳೆತುದಿಗಳು ಮೇಲಿನ ಹಿಡಿಕೆಯ ಹತ್ತಿರ ಸೇರಲಿ, ಕೈ ನೆಲದವರೆಗೆ ಹೋಗುವ ಕೆಲಸವಿರದು. ಬೂಟುಗಳನ್ನೂ ಒಳಗೇ ಹಾಕಿ; ಅದೇ ಸೀಮೆಯ ಚೇಳುಗಳಿಗೆ ಬೂಟೆಂದರೆ ಪ್ರೀತಿ.

ನೆಲದಲ್ಲಿಟ್ಟ ಪೆಟ್ಟಿಗೆ ಎತ್ತುವ ಮೊದಲು ದೂರದಿಂದಲೇ ಟಾರ್ಚ್ ಬಿಟ್ಟು ಸುತ್ತಲೂ ನೋಡಿ. ಹಾವು ಸಾಮಾನ್ಯವಾಗಿ ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎರಗಬಲ್ಲದು, ಆದ್ದರಿಂದ ಒಂದು ಮೀಟರಿಗಿಂತ ಉದ್ದದ ಕೋಲಿನಿಂದ ತಟ್ಟಿ. ಆಮೇಲೆ ಚಕ್ರದ ಬದಿಗೆ ನಿಂತು ಹಿಡಿಕೆಯನ್ನು ನಿಮ್ಮತ್ತ ವಾಲಿಸಿ. ಆಗ ಅಡಿಯ ಸಂದು ಆಚೆ ಬದಿಗೆ ತೆರೆದುಕೊಳ್ಳುತ್ತದೆ. ಹಾವು ಕಂಡರೆ ಎರಡು ಮೀಟರಿಗೂ ಹೆಚ್ಚು ಹಿಂದೆ ಸರಿದು ದಾರಿ ಬಿಡಿ. ಕೊಲ್ಲಲು ಹೋಗಬೇಡಿ, ಕತ್ತರಿಸಿದ ತಲೆಯೂ ಕೆಲಹೊತ್ತು ಕಚ್ಚಬಲ್ಲದು.

ಕಚ್ಚಿದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಬಾವು ಏರುವ ಮೊದಲೇ ಉಂಗುರ, ವಾಚು, ಬಿಗಿ ಬಟ್ಟೆ ಕಳಚಿ. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ, ಅಂಗಾಂಶಕ್ಕೆ ಮತ್ತಷ್ಟು ಹಾನಿಯಾಗುತ್ತದೆ. ಪ್ರತಿವಿಷ ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ. ಸಂದೇಹವಿದ್ದರೆ ಅಮೆರಿಕದ ವಿಷ ನಿಯಂತ್ರಣ ಸಹಾಯವಾಣಿ 1-800-222-1222 ಹಗಲಿರುಳೂ ತೆರೆದಿರುತ್ತದೆ.