ಜಾಯ್‌ಸ್ಟಿಕ್ ತಲೆಗೆ ಕಾಫಿ ಕಟ್ಟಿಗೆ ಗುಂಡು

ಮನೇಲೇ ಪ್ಲೈವುಡ್‌ನಲ್ಲಿ ಮಾಡ್ಕೊಂಡ ಆರ್ಕೇಡ್ ಕ್ಯಾಬಿನೆಟ್‌ಗೆ (ವಿಡಿಯೋ ಗೇಮ್ ಆಡೋ ಪೆಟ್ಟಿಗೆ) ಸಾನ್ವಾ ಕಂಪನಿಯ ಜೆಎಲ್‌ಎಫ್ ಜಾಯ್‌ಸ್ಟಿಕ್ ಹಾಕಿದೀನಿ, ಬೊಂಬಾಟಾಗಿದೆ, ಆದ್ರೆ ನಂಗೆ ಕೈ ಬೆವರೋದು ಜಾಸ್ತಿ, ಸ್ಟಿಕ್ ತುದೀಲಿ ಹಿಡ್ಕೊಳೋ ಪ್ಲಾಸ್ಟಿಕ್ ಗುಂಡು ಯಾವುದಾದ್ರೂ ಜಾರತ್ತೆ, ಒಗ್ಗಲ್ಲ. ನಮ್ಮೂರು ಚಿಕ್ಕಮಗಳೂರು, ಹಳೇ ರೋಬಸ್ಟಾ ಗಿಡ ಕಿತ್ರೆ ಬೊಡ್ಡೆ ಎಲ್ಲಾ ಒಲೆಗೇ ಹೋಗೋದು, ಅದರಲ್ಲೇ ಒಂದು ಕಡೆಸೋಣ ಅನ್ನಿಸ್ತು.

ಗುಂಡು ಬಿಚ್ಚೋದು ಸುಲಭ, ಶಾಫ್ಟ್ (ಸ್ಟಿಕ್‌ನ ಲೋಹದ ಕಡ್ಡಿ) ತಳದಲ್ಲಿರೋ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಹಿಡ್ಕೊಂಡು ಮೇಲ್ಗಡೆ ಎಡಕ್ಕೆ ತಿರುಗಿಸಿದ್ರೆ ಬಂತು. ಗುಂಡಿನ ವ್ಯಾಸ 35 ಮಿಮೀ, ಥ್ರೆಡ್ (ತಿರುಪಿನ ಸುತ್ತು) ಎಂ6 ಅಂದ್ರೆ 6 ಮಿಮೀ ಬೋಲ್ಟಿಂದು, ಪಿಚ್ (ಸುತ್ತಿಂದ ಸುತ್ತಿಗೆ ದೂರ) 1 ಮಿಮೀ, ಅಂದ್ರೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಮಾಮೂಲಿ ಬೋಲ್ಟ್‌ದೇ.

ಕಾಫಿ ಕಟ್ಟಿಗೆ ಗಟ್ಟಿ, ಆದ್ರೆ ಒಣಗುವಾಗ ಸೀಳತ್ತೆ, ಅದೇ ತಲೆನೋವು. ತುದಿಗಳಿಗೆ ಫೆವಿಕಾಲ್ ಬಳಿದು ಅಟ್ಟದ ಮೇಲೆ ತಿಂಗಳುಗಟ್ಲೆ ಇಟ್ಟು, ನಡುವಿನ ತಿರುಳು ಬಿಟ್ಟು ಪಕ್ಕದ ತುಂಡು ತಗೊಂಡೆ. ಮಂಚದ ಕಾಲು ಕಡೆಯೋರ ಹತ್ರ ಹೋದ್ರೆ "ಏನ್ ಸಾರ್ ಇದು, ತೊಟ್ಟಿಲಿಗಾ" ಅಂದ್ರು, ಗೇಮ್ ಆಡಕ್ಕೆ ಅಂದೆ, ನಕ್ಕೊಂಡೇ ಕಡೆದುಕೊಟ್ರು.

ಅಸಲಿ ಕೆಲಸ ಥ್ರೆಡ್‌ದು. ಮರಕ್ಕೇ 5 ಮಿಮೀ ತೂತು ಕೊರೆದು ಟ್ಯಾಪ್ ಹೊಡೆದು ಥ್ರೆಡ್ ಕೊರೀಬಹುದು, ಮೊದಮೊದಲು ಟೈಟಾಗೇ ಕೂರತ್ತೆ, ಆದ್ರೆ ಫೈಟಿಂಗ್ ಗೇಮಲ್ಲಿ ಸ್ಟಿಕ್ ಸುತ್ತಿಸಿ ಎಳೆಯೋದೇ ಆಟ, ಮರದ ಥ್ರೆಡ್ ಸವೆದು ಗುಂಡು ಲೊಡಲೊಡ ಅನ್ನತ್ತೆ. ಅದಕ್ಕೆ ಒಳಗೆ ಎಂ6 ಥ್ರೆಡ್ ಇರೋ ಹಿತ್ತಾಳೆ ಇನ್ಸರ್ಟ್ (ಸಣ್ಣ ಕೊಳವೆ) ತಂದು ಅರಾಲ್ಡೈಟ್ ಅಂಟು ಸವರಿ ಮರದೊಳಗೆ ಕೂರಿಸ್ದೆ. ಗ್ರೀಸ್ ಹಚ್ಚಿದ ಬೋಲ್ಟನ್ನ ಇನ್ಸರ್ಟ್‌ಗೆ ಹಾಕಿಟ್ರೆ ಅಂಟು ಥ್ರೆಡ್‌ಗೆ ಇಳಿಯಲ್ಲ. ತೂತು ಮಾತ್ರ ತುಂಡು ಲೇತ್ ಮೇಲಿದ್ದಾಗ್ಲೇ ಕೊರೆಸಿ, ದುಂಡಗಾದ ಮೇಲೆ ಕೈಯಲ್ಲಿ ಹಿಡ್ಕೊಂಡು ಡ್ರಿಲ್ ಮಾಡೋ ಸರ್ಕಸ್ ಬೇಡ, ಸ್ವಲ್ಪ ಓರೆಯಾದ್ರೂ ಕಣ್ಣಿಗೆ ಹೊಡೆಯತ್ತೆ.

ಇಡೀ ಹಿತ್ತಾಳೆ ಗುಂಡೇ ಹಾಕ್ಬಹುದಲ್ಲ ಅಂದ್ರೆ, ನಾನಂತೂ ಬೇಡ ಅಂತೀನಿ. ತಲೆ ಭಾರ ಆದಷ್ಟೂ ಕೈಬಿಟ್ಟಾಗ ಸ್ಟಿಕ್ ನಡುವೆ ನಿಲ್ಲದೆ ಆಚೆ ಬದಿಗೆ ವಾಲಿ, ಅಲ್ಲಿನ ಸ್ವಿಚ್ ಸುಮ್ಸುಮ್ನೆ ಒತ್ಕೊಳೋ ಚಾನ್ಸ್ ಜಾಸ್ತಿ.

ಚನ್ನಪಟ್ಟಣದ ಬೊಂಬೆ ಥರ ಅರಗು ಹಾಕ್ಸು ಅಂದ ತಮ್ಮ. ಚೆಂದವೇ, ಆದ್ರೆ ಅಷ್ಟು ನುಣುಪಾದ್ರೆ ಮತ್ತೆ ಜಾರತ್ತೆ, ಸಾಲ್ದು ಅಂತ ಸ್ಯಾನಿಟೈಜರ್ ಹಚ್ಚಿದ ಕೈ ತಾಗಿದ್ರೆ ಸ್ಪಿರಿಟ್‌ಗೆ ಅರಗು ಕರಗತ್ತೆ. ಗುಂಡನ್ನ ಬೋಲ್ಟ್‌ಗೆ ಬಿಗಿದು, ಬೋಲ್ಟ್ ತಲೆ ಕತ್ತರಿಸಿ ಡ್ರಿಲ್ ಚಕ್‌ಗೆ ಕಚ್ಚಿಸಿ, ತಿರುಗಿಸ್ತಾ 220, ಆಮೇಲೆ 400 ಸ್ಯಾಂಡ್ ಪೇಪರ್ ಹಿಡ್ದು ಕೊನೇಲಿ ಜೇನುಮೇಣ ಉಜ್ಜಿದೆ ಅಷ್ಟೇ. ಡ್ರಿಲ್ ರಿವರ್ಸಲ್ಲಿ ಇಡಬೇಡಿ, ಗುಂಡು ಬಿಚ್ಕೊಂಡು ಹಾರತ್ತೆ.